ಕಾಯುವವರ ಪಾಲಿನ ನೀರು

ನಾನು ಒಂದು ಹಿತ್ತಾಳೆಯ ಗಿಂಡಿ. ಹುಟ್ಟಿದ್ದು ಕರಾವಳಿಯ ಒಬ್ಬ ಕಂಚುಗಾರನ ಕುಲುಮೆಯಲ್ಲಿ. ಬಡಿದು, ತಟ್ಟಿ, ಹುಣಸೆಹಣ್ಣು ಹಾಕಿ ತಿಕ್ಕಿದ ಮೇಲೆ ನನಗೂ ಒಂದು ಕಳೆ ಬಂತು. ಹೊಟ್ಟೆ ದೊಡ್ಡದು, ಮೂತಿ ಉದ್ದ. ಚೆಲುವೆ ಎಂದು ಯಾರೂ ಕರೆಯಲಿಲ್ಲ, ನಾನೇ ಅಂದುಕೊಂಡೆ. ಒಬ್ಬ ವ್ಯಾಪಾರಿ ನನ್ನನ್ನು ಹಡಗಿನಲ್ಲಿ ಸೊಲಾಂಬೆ ಎಂಬ ದ್ವೀಪರಾಷ್ಟ್ರಕ್ಕೆ ಒಯ್ದು ಅಲ್ಲಿನ ಸರ್ಕಾರಕ್ಕೆ ಕಾಣಿಕೆ ಕೊಟ್ಟ. ಅವರ ಭಾಷೆ ಬೇರೆ. ಅವರ ಮಾತನ್ನು ನನಗೆ ಬರುವ ಕನ್ನಡದಲ್ಲೇ ಹೇಳುತ್ತೇನೆ, ಹೊಂದಿಸಿಕೊಳ್ಳಿ.

ಆ ದೇಶದಲ್ಲಿ ಔತಣಕೂಟಗಳ ಹೊಣೆಯೆಲ್ಲ ಅಧ್ಯಕ್ಷರ ಹೆಂಡತಿಗೆ, ದೋಣಿಗಳದು ಉಪಾಧ್ಯಕ್ಷರ ಹೆಂಡತಿಗೆ. ಯಾರೇ ಹೊಸ ದೋಣಿ ಕಟ್ಟಲಿ, ಆಕೆ ಬಂದು ನನ್ನಿಂದ ಅದರ ಮೇಲೆ ಸಿಹಿನೀರು ಎರೆಯಬೇಕು. ಅಲ್ಲಿಯವರೆಗೆ ದೋಣಿ ಕಡಲಿಗೆ ಇಳಿಯುವಂತಿಲ್ಲ.

ಮೊದಮೊದಲು ನಾನು ಆಗಿನ ಉಪಾಧ್ಯಕ್ಷರ ಹೆಂಡತಿ ಮದಾಂ ಕ್ಲಾರಿಸ್ ಅವರ ಕೈಗೆ ಸಿಕ್ಕಿದೆ. ಅವರು ನನ್ನನ್ನು ಎರಡೇ ಬೆರಳಲ್ಲಿ ಹಿಡಿದು, "ಬೇಗ ಮುಗಿಸ್ರಪ್ಪಾ, ಚಪ್ಪಲಿಗೆಲ್ಲ ಮರಳು" ಎನ್ನುತ್ತಿದ್ದರು. ಆದರೂ ಎರೆಯುವುದರಲ್ಲಿ ಒಮ್ಮೆಯೂ ತಪ್ಪಲಿಲ್ಲ. ಅದು ಆ ನಾಡಿನ ಹೆಣ್ಣುಮಕ್ಕಳಿಗೆ ರಕ್ತಗತ.

ಆಮೇಲೆ ಇಲೀನಾ ಎಂಬಾಕೆ ಉಪಾಧ್ಯಕ್ಷೆಯಾದರು. ಆ ಹುದ್ದೆಗೆ ಹೆಂಗಸು ಬಂದದ್ದು ಅದೇ ಮೊದಲು. ಹಾಗಾಗಿ ನಾನು ಅವರ ಗಂಡ ತೋಬಿಯಾಸರ ಪಾಲಿಗೆ ಬಂದೆ. ಅವರು ಬ್ರೆಡ್ಡು ಸುಡುವವರು. ಬಿಸಿ ತಟ್ಟೆ ಹಿಡಿಯುವ ಹಾಗೆ ಎರಡೂ ಕೈಯಲ್ಲಿ ನನ್ನನ್ನು ಜೋಪಾನವಾಗಿ ಎತ್ತಿಕೊಂಡರು. ನನಗೆ ಅವರು ಅಲ್ಲೇ ಹಿಡಿಸಿಬಿಟ್ಟರು.

ಮೊದಲ ದೋಣಿ ರೊಸಾಲಿ ಎಂಬ ಮೀನುಗಾರ್ತಿಯ ಮನೆಯದು. ತೋಬಿಯಾಸರು ಧಾರಾಳ ಮನಸ್ಸಿನಿಂದ ಕೊನೆಯ ಹನಿಯವರೆಗೂ ದೋಣಿಗೇ ಸುರಿದು, ನನ್ನ ತಳವನ್ನೂ ತಟ್ಟಿದರು. ಹಿಗ್ಗಿ ಸುತ್ತ ನೋಡಿದರೆ ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ. ಅಲ್ಲಿನ ಪದ್ಧತಿಯಂತೆ ಅರ್ಧ ನೀರು ದೋಣಿಗೆ, ಉಳಿದರ್ಧ ಮನೆಯಲ್ಲಿ ಕಾಯುವವಳ ಬೊಗಸೆಗೆ. ಇದು ಹೆಂಗಸರಿಗೆಲ್ಲ ಗೊತ್ತು, ಗಂಡಸಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ರೊಸಾಲಿಯ ಬೊಗಸೆ ಒಣಗಿಯೇ ಇತ್ತು.

"ಮತ್ತೆ ತುಂಬಿಸ್ಕೊಂಡು ಬರ್ತೀನಮ್ಮಾ" ಎಂದರು ತೋಬಿಯಾಸ್.

"ಸುರಿದಿದ್ದು ಸುರಿದಾಯ್ತು ಬಿಡಿ ಅಣ್ಣಾ, ಒಂದು ದೋಣಿಗೆ ಎರಡು ಸಲ ಎರೆಯೋ ಹಾಗಿಲ್ಲ. ಕಾಯೋದು ಅಂದ್ರೇನು ಅಂತ ಗಂಡಸರಿಗೆ ಹೇಗೆ ಗೊತ್ತಾಗ್ಬೇಕು? ಈ ದೋಣಿ ಇಳಿಯಲ್ಲ" ಎಂದು ರೊಸಾಲಿ ದೋಣಿಯ ಹಗ್ಗದ ಮೇಲೆ ಕೂತುಬಿಟ್ಟಳು.

ಮೀನಿನ ಹಂಗಾಮಿನಲ್ಲಿ ಎಲ್ಲರ ದೋಣಿಗಳೂ ಹೊರಟವು, ಅವಳದು ಮಾತ್ರ ಮರಳಿನ ಮೇಲೆ ಉಳಿಯಿತು. ಇನ್ನು ಮುಂದೆ ದೋಣಿಗೆ ಎರೆಯುವ ಕೆಲಸವನ್ನೂ ಅಧ್ಯಕ್ಷರ ಹೆಂಡತಿಗೇ ವಹಿಸುವುದೆಂದು ಸರ್ಕಾರಿ ಕಚೇರಿಯವರು ತೀರ್ಮಾನಿಸಿದರು. "ನಿನ್ನ ಹೆಸರಿಗೆ ಮಸಿ ಬಳಿದೆ ನೋಡು" ಎಂದು ತೋಬಿಯಾಸರು ಹೆಂಡತಿಯ ಮುಂದೆ ಕಣ್ಣೀರು ಹಾಕಿದರು. ಅಯ್ಯೋ ಪಾಪ ಎನ್ನಿಸಿತು ನನಗೆ.

ನನ್ನನ್ನು ಕಚೇರಿಗೆ ಒಪ್ಪಿಸಲು ಅವರು ಹೊರಟ ದಿನವೇ ಬಿರುಗಾಳಿ ಎದ್ದಿತು. ದೂರದ ದ್ವೀಪಕ್ಕೆ ಹೋಗಿದ್ದ ಇಲೀನಾರ ದೋಣಿ ಮಧ್ಯಾಹ್ನ ಬರಬೇಕಿತ್ತು, ಬರಲಿಲ್ಲ. ತೋಬಿಯಾಸರು ಕಚೇರಿಯ ದಾರಿ ಬಿಟ್ಟು ದಂಡೆಗೆ ಓಡಿದರು. ನನ್ನನ್ನು ಕಂಕುಳಲ್ಲಿ ಅವುಚಿಕೊಂಡು ಕಡಲನ್ನೇ ನೋಡುತ್ತ ನಿಂತರು. ಅವರ ಎದೆ ಹೊಡೆದುಕೊಳ್ಳುವುದು ನನ್ನ ಹೊಟ್ಟೆಯೊಳಗೆ ಕೇಳಿಸುತ್ತಿತ್ತು.

ಬೆಸ್ತರ ಕೇರಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಅವರ ಪಕ್ಕ ನಿಂತರು. ಕೊನೆಗೆ ಬಂದವಳು ರೊಸಾಲಿ. ತನ್ನ ಕೊಡದಿಂದ ನನಗೆ ನೀರು ತುಂಬಿದಳು.

"ಕೈ ಒಡ್ಡಿ ಅಣ್ಣಾ. ಇದು ಕಾಯೋರ ಪಾಲು."

ತೋಬಿಯಾಸರು ಕಡಲಿನಿಂದ ಕಣ್ಣು ತೆಗೆಯದೆಯೇ ಬೊಗಸೆ ಒಡ್ಡಿದರು. ಅರ್ಧ ನೀರು ಚೆಲ್ಲಿತು, ಅರ್ಧ ಕುಡಿದರು. ಸಂಜೆಯ ಹೊತ್ತಿಗೆ ಹಾಯಿ ಹರಿದ ದೋಣಿಯಲ್ಲಿ ಇಲೀನಾ ಬಂದಿಳಿದರು. ಗಂಡಹೆಂಡಿರು ಎಲ್ಲರೆದುರೇ ತಬ್ಬಿಕೊಂಡರು, ನಾನು ನಡುವೆ ಸಿಕ್ಕಿ ನಜ್ಜಾದೆ. ಬೇಸರವಿಲ್ಲ.

"ನನ್ನ ದೋಣಿಗೆ ಇವರೇ ಮತ್ತೆ ಎರೀಬೇಕು, ಬೇರೆ ಯಾರೂ ಬೇಡ" ಎಂದು ರೊಸಾಲಿ ಕಚೇರಿಯವರಿಗೆ ಖಡಾಖಂಡಿತವಾಗಿ ಹೇಳಿದಳು. ಒಮ್ಮೆ ಎರೆದ ದೋಣಿಗೆ ಮತ್ತೆ ಎರೆದದ್ದು ಆ ನಾಡಿನಲ್ಲಿ ಅದೊಂದೇ ಸಲ.

ಈಗ ನನ್ನ ತಳ ಸವೆದು ನೀರು ಜಿನುಗುತ್ತದೆ. ದೋಣಿಗಳಿಗೆ ಹೊಸ ಗಿಂಡಿ ಬಂದಿದೆ. ಅಧಿಕಾರ ಮುಗಿಸಿದ ಇಲೀನಾ ನನ್ನನ್ನು ಮನೆಗೆ ಕೇಳಿ ತಂದುಕೊಂಡರು, ಅಡುಗೆಮನೆಯ ಕಿಟಕಿಯ ಬಳಿ ಇಟ್ಟಿದ್ದಾರೆ. ಮೊನ್ನೆ ಬ್ರೆಡ್ಡು ಮಾರಲು ಹೋದ ತೋಬಿಯಾಸರು ಮಳೆಗೆ ಸಿಕ್ಕಿ ತಡಮಾಡಿದರು. ಇಲೀನಾ ಹತ್ತು ಸಲ ಬಾಗಿಲಿಗೆ ಹೋಗಿ ಬಂದರು. ಕೊನೆಗೆ ನನ್ನಿಂದಲೇ ಬೊಗಸೆಗೆ ನೀರು ಬಗ್ಗಿಸಿಕೊಂಡು ಕುಡಿದು, ನನ್ನನ್ನು ನೋಡಿ ಮೆಲ್ಲಗೆ ಕೇಳಿದರು:

"ಇಷ್ಟು ವರ್ಷ ನನ್ನ ಕಾಯ್ತಾ ಅವರು ಪಟ್ಟಿದ್ದು ಇದೇನಾ?"