ತಣ್ಣಗಾದ ಇಟ್ಟಿಗೆಗಳು

ಲಾಕ್ಲನ್ ಮನೆಯ ಹೀಟರು ನಿಂತು ಮೂವತ್ತೊಂದನೆಯ ದಿನ ಅವನ ಮಗಳನ್ನು ಹಡಗು ಹತ್ತಿಸಿ ಓಬನ್ನಿಗೆ ಕಳಿಸಿದರು. ಇಶ್ಬೆಲ್‌ಗೆ ಏಳು ವರ್ಷ, ಎದೆ ತುಂಬ ಗೊರಗೊರ. ಮಕ್ಕಳ ಇಲಾಖೆಯ ಹೆಂಗಸು ಗೋಡೆ ಮುಟ್ಟಿ ನೋಡಿ, ಒದ್ದೆಯಾದ ಬೆರಳನ್ನು ಕೋಟಿಗೆ ಒರೆಸಿಕೊಂಡು ಹೇಳಿದಳು: "ಮೂರು ದಿನ ಬಿಡದೆ ಹದಿನೆಂಟು ಡಿಗ್ರಿ ಇರ್ಬೇಕು. ಆಗ ಮಗು ವಾಪಸ್ ಬರುತ್ತೆ. ಈಸ್ಟರ್ ಒಳಗೆ ಆಗ್ಲಿಲ್ಲ ಅಂದ್ರೆ ಅಲ್ಲೇ ಸ್ಕೂಲಿಗೆ ಸೇರಿಸ್ತೀವಿ." ಓಬನ್ನಿನಲ್ಲಿ ಇಶ್ಬೆಲ್‌ಳ ಸೋದರತ್ತೆ ಇದ್ದಾಳೆ. ಬಾರಾ ದ್ವೀಪದಿಂದ ಅಲ್ಲಿಗೆ ಐದು ತಾಸು ಸಮುದ್ರ.

ಹಡಗುಕಟ್ಟೆಯಲ್ಲಿ ಹುಡುಗಿ ಅಳಲಿಲ್ಲ. ಅಪ್ಪನ ತೋಳು ಜಗ್ಗಿ ಒಂದೇ ಮಾತು ಹೇಳಿದಳು. "ಅಮ್ಮನ ಕೋಟು ಇರೋ ಬೀರು ತೆಗೀಬೇಡ ಅಪ್ಪ. ಯಾರಿಗೂ ತೆಗೆಯೋಕೆ ಬಿಡ್ಬೇಡ. ಪ್ರಾಮಿಸ್?"

"ಪ್ರಾಮಿಸ್ ಕಣೇ," ಎಂದ ಲಾಕ್ಲನ್. ಅವನಿಗೂ ಆ ಬೀರು ತೆಗೆಯುವ ಧೈರ್ಯವಿರಲಿಲ್ಲ. ಹೆಂಡತಿ ಊನಾ ತೀರಿಕೊಂಡು ಆಗಿನ್ನೂ ತಿಂಗಳಾಗಿತ್ತು.

ನಾನು ಎಫಿ, ಪಕ್ಕದ ಮನೆಯವಳು. ಇಬ್ಬರ ಮನೆಗೂ ನಡುವೆ ಒಂದೇ ಗೋಡೆ. ವಸತಿ ಸಂಸ್ಥೆ ಬಾಡಿಗೆಗೆಂದು ಕಟ್ಟಿಸಿದ ಸಾಲುಮನೆಗಳು ಇವು, ಎಲ್ಲರ ಮನೆಯಲ್ಲೂ ಅದೇ ಹೀಟರು. ಒಳಗೆ ಇಟ್ಟಿಗೆ ಜೋಡಿಸಿರುತ್ತಾರೆ. ರಾತ್ರಿ ಅಗ್ಗದ ಕರೆಂಟಿನಲ್ಲಿ ಕಾದು, ಹಗಲೆಲ್ಲ ಆ ಬಿಸಿಯನ್ನು ಸ್ವಲ್ಪ ಸ್ವಲ್ಪವೇ ಬಿಡಬೇಕು. ಹಾಗಾಗಿ ಏನು ರಿಪೇರಿ ಮಾಡಿದರೂ ಫಲ ತಿಳಿಯುವುದು ಮಾರನೆಯ ಬೆಳಿಗ್ಗೆ. ಗ್ಲಾಸ್ಗೋದಲ್ಲಿ ಕೂತ ಸಂಸ್ಥೆಯ ಆಫೀಸಿನವರಿಗೆ ಇದಕ್ಕಿಂತ ಅನುಕೂಲ ಇನ್ನೇನು ಬೇಕು?

"ಗೋಡೆ ಸ್ವಿಚ್ ಹಾಕಿದ್ರಾ ಸರ್?"

"ಹಾಕಿದೆ," ಎಂದ ಲಾಕ್ಲನ್ ಫೋನಿಗೆ.

"ಎಡಗಡೆ ಗುಂಡಿ ಆರಕ್ಕೆ ತಿರುಗಿಸಿ, ಬಲಗಡೆದು ಒಂದಕ್ಕೆ. ನಾಳೆ ನೋಡಿ ಫೋನ್ ಮಾಡಿ."

ನಾಳೆ ಇಟ್ಟಿಗೆ ತಣ್ಣಗೆ. ಫೋನಿನಲ್ಲಿ ಬೇರೆ ದನಿ, ಮತ್ತೆ ಮೊದಲಿನಿಂದ. ಸ್ವಿಚ್ ಹಾಕಿದ್ರಾ? ಗುಂಡಿ ತಿರುಗಿಸಿದ್ರಾ?

"ಹೀಟರ್ ಮೇಲೆ ಬಟ್ಟೆ ಒಣಗಿಸ್ತೀರಾ ಸರ್? ಬಟ್ಟೆ ಹಾಕಿದ್ರೆ ಶಾಖ ಜಾಸ್ತಿಯಾಗಿ ತಾನೇ ಆಫ್ ಆಗುತ್ತೆ."

"ಯಾರ ಬಟ್ಟೆ ಒಣಗಿಸ್ಲಿ ತಾಯಿ? ಹೆಂಡ್ತಿ ಮಣ್ಣಾದ್ಲು, ಮಗಳನ್ನ ಕರ್ಕೊಂಡು ಹೋದ್ರು."

"ಅರ್ಥ ಆಗುತ್ತೆ ಸರ್. ಕೆಳಗಡೆ ಒಂದು ಸಣ್ಣ ಗುಂಡಿ ಇದೆ, ಒತ್ತಿ. ನಾಳೆ ಫೋನ್ ಮಾಡಿ."

ನಾನು ಫೋನು ಕಸಿದುಕೊಂಡೆ. "ರಾತ್ರಿ ಕರೆಂಟ್ ಬಿಡೋಕೆ ಒಂದು ಗಡಿಯಾರ ಇರುತ್ತಲ್ಲಮ್ಮ, ಅದರ ವಿಷಯ ಯಾಕೆ ಒಬ್ರೂ ಕೇಳಲ್ಲ?"

"ಅದು ನಮ್ಮದಲ್ಲ ಮೇಡಂ, ಕರೆಂಟ್ ಕಂಪನಿದು. ದಯವಿಟ್ಟು ಮುಟ್ಬೇಡಿ."

ಕರೆಂಟು ಕಂಪನಿಗೆ ಮಾಡಿದೆ. ಹೀಟರು ತಮ್ಮದಲ್ಲ ಎಂದರು. ಹೀಟರು ಸಂಸ್ಥೆಯದು, ಗಡಿಯಾರ ಕಂಪನಿಯದು, ಚಳಿ ಮಾತ್ರ ನಮ್ಮದು. ಇದೊಂದರ ಮೇಲೆ ಯಾರೂ ಹಕ್ಕು ಸಾಧಿಸಲು ಬರಲಿಲ್ಲ.

"ಅವರು ಹಾಳಾಗ್ಲಿ, ನಾವೇ ಆ ಗಡಿಯಾರ ನೋಡೋಣ ಬಾರೋ," ಎಂದೆ. ಲಾಕ್ಲನ್ ಬೇಡವೆಂದು ತಲೆಯಾಡಿಸಿದ. ಗಡಿಯಾರ ಇದ್ದದ್ದು ಹಜಾರದ ಗೋಡೆ ಬೀರಿನಲ್ಲಿ, ಊನಾಳ ಕೋಟುಗಳ ಹಿಂದೆ.

"ಮಗೂಗೆ ಮಾತು ಕೊಟ್ಟಿದ್ದೀನಿ ಎಫಿ ಅಕ್ಕ."

ನಲವತ್ನಾಲ್ಕನೆಯ ದಿನ ಫಿನ್ಲೆ ಬಂದ. ಸಂಸ್ಥೆಯ ಕರೆಂಟು ಕೆಲಸಕ್ಕೆ ಈ ದ್ವೀಪದಲ್ಲಿರುವವನು ಅವನೊಬ್ಬನೇ. ಅವನ ಮನೆ ಅರ್ಧ ಮೈಲಿ ದೂರ. ಪ್ರತಿ ಭಾನುವಾರ ಚರ್ಚಿನಲ್ಲಿ ಲಾಕ್ಲನ್ನನ ಹಿಂದಿನ ಬೆಂಚಿನಲ್ಲೇ ಕೂರುತ್ತಾನೆ.

"ಆರು ವಾರ ಎಲ್ಲಿ ಸತ್ತಿದ್ಯೋ?" ಎಂದೆ.

"ಆಫೀಸಿಂದ ಕೆಲಸದ ನಂಬರು ಬರ್ಬೇಕು ಎಫಿ ಅಕ್ಕ. ನಂಬರಿಲ್ದೆ ಹೊಸಲು ದಾಟಿದ್ರೆ ನನ್ನ ಅನ್ನಕ್ಕೆ ಕಲ್ಲು. ನೀನು ಹಾಕ್ತೀಯಾ ಊಟ? ನಿನ್ನ ಸೂಪು ಕುಡಿಯೋ ಬದ್ಲು ಉಪವಾಸವೇ ವಾಸಿ."

ಮುಂದಿನ ತಗಡು ಬಿಚ್ಚಿದ. ಇಟ್ಟಿಗೆಗಳನ್ನು ಒಂದೊಂದಾಗಿ ಹೊರಗೆ ತೆಗೆದು, ಕಾಯುವ ತಂತಿಗೆ ಮೀಟರು ಹಿಡಿದು ನೋಡಿದ. "ಎಲ್ಲಾ ಸರಿಯಾಗೇ ಇದೆಯಲ್ಲೋ. ಹೀಟರ್‌ಗಿಂತ ನಿನ್ನ ಮುಖಾನೇ ಜಾಸ್ತಿ ಕೆಟ್ಟಿದೆ." ಎದ್ದು ಮಂಡಿ ಕೊಡವಿಕೊಂಡ. "ಬೀರು ತೆಗಿ."

ಲಾಕ್ಲನ್ ಅಲುಗಲಿಲ್ಲ.

"ಮಗಳು ಬೇಕೋ ಬೇಡ್ವೋ?" ಎಂದೆ. ಆ ಮಾತು ಈಗಲೂ ನನ್ನನ್ನು ಚುಚ್ಚುತ್ತದೆ.

ನಾನೇ ಬೀರು ತೆಗೆದೆ. ಕೋಟುಗಳನ್ನು ಒಂದೊಂದಾಗಿ ತೆಗೆದು ಲಾಕ್ಲನ್ನನ ಚಾಚಿದ ತೋಳಿನ ಮೇಲೆ ಇಟ್ಟೆ. ಮಳೆಕೋಟು, ಚರ್ಚಿಗೆ ಹಾಕುತ್ತಿದ್ದ ಕಪ್ಪು ಕೋಟು, ಮೊಣಕೈ ಸವೆದ ನೀಲಿ ಕೋಟು. ಅವುಗಳ ಕೆಳಗೆ ಅಡುಗೆಮನೆಯ ಸ್ಟೂಲು ಇತ್ತು. ಸಾವಿನ ದಿನದಿಂದ ಎಲ್ಲರೂ ಹುಡುಕುತ್ತಿದ್ದ ಸ್ಟೂಲು.

ಹಿಂದಿನ ಗೋಡೆಯಲ್ಲಿ ಗಡಿಯಾರದ ಡಬ್ಬಿ; ಅದರ ಗಾಜಿನೊಳಗೆ ಮುಳ್ಳು ನಾಲ್ಕೂ ಇಪ್ಪತ್ತಕ್ಕೆ ನಿಂತಿತ್ತು. ಅದನ್ನು ಓಡಿಸುವ, ನಿಲ್ಲಿಸುವ ಪುಟ್ಟ ಸನ್ನೆ ಪಕ್ಕದಲ್ಲಿ ಕೆಳಗಿತ್ತು.

"ಇದು ಕೆಟ್ಟಿಲ್ಲ," ಎಂದ ಫಿನ್ಲೆ ಮೆಲ್ಲಗೆ. "ಯಾರೋ ನಿಲ್ಸಿದ್ದಾರೆ."

ಊನಾ ಹೋದದ್ದು ಸಂಜೆ ನಾಲ್ಕೂ ಇಪ್ಪತ್ತಕ್ಕೆ. ಸಾವಾದ ಮನೆಯಲ್ಲಿ ನಾವು ಗಡಿಯಾರ ನಿಲ್ಲಿಸುತ್ತೇವೆ, ಮಣ್ಣು ಮಾಡಿ ಬಂದ ಮೇಲೆ ಓಡಿಸುತ್ತೇವೆ. ಅವತ್ತು ಊನಾಳ ತಾಯಿ ಪೆಗ್ಗಿ ಹಜಾರದ್ದು, ಅಡುಗೆಮನೆಯದು ಎರಡನ್ನೂ ನಿಲ್ಲಿಸಿದಳು. ನಾನು ಬಂದವರಿಗೆಂದು ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದೆ. ಪಕ್ಕದಲ್ಲಿ ಅಜ್ಜಿ ಮೊಮ್ಮಗಳ ಮಾತು ನಡೆದಿತ್ತು.

"ಯಾಕಜ್ಜಿ ನಿಲ್ಸೋದು?"

"ಗಡಿಯಾರ ಮತ್ತೆ ಓಡೋ ತನಕ ಅಮ್ಮ ಇಲ್ಲೇ ಇರ್ತಾಳೆ ಚಿನ್ನ. ಆಮೇಲೆ ಹೊರಡ್ತಾಳೆ."

"ಒಂದು ಗಡಿಯಾರ ಓಡ್ದೇ ಇದ್ರೆ?"

"ಹಾಗಾದ್ರೆ ಹೇಗೆ ಹೋಗ್ತಾಳೆ?" ಎಂದು ಪೆಗ್ಗಿ ಮೂಗು ಒರೆಸಿಕೊಂಡಿದ್ದಳು.

ಆ ಮಾತನ್ನು ನಾನು ಕೇಳಿಸಿಕೊಂಡೂ ಬೆಣ್ಣೆ ಸವರುತ್ತಲೇ ಇದ್ದೆ. ಮಗು ಮಾತ್ರ ಮರೆಯಲಿಲ್ಲ. ದೊಡ್ಡವರ ಕಣ್ಣಿಗೆ ಬೀಳದ ಗಡಿಯಾರ ಹುಡುಕಿ, ಸ್ಟೂಲು ಹತ್ತಿ, ಉಳಿದೆರಡರ ಹಾಗೆ ಮುಳ್ಳನ್ನು ನಾಲ್ಕೂ ಇಪ್ಪತ್ತಕ್ಕೆ ತಿರುಗಿಸಿ ನಿಲ್ಲಿಸಿದ್ದಳು. ತಿಂಗಳಿಡೀ ಚಳಿಯಲ್ಲಿ ಕೆಮ್ಮಿದಳು, ಬಾಯಿ ಬಿಡಲಿಲ್ಲ. ಹಡಗು ಹತ್ತಿಸಿದಾಗಲೂ ಬಿಡಲಿಲ್ಲ. ಅಮ್ಮ ಮನೆಯಲ್ಲಿ ಉಳಿಯುವುದಾದರೆ ತಾನು ಹೋದರೂ ಸರಿ ಎಂದುಕೊಂಡಿತು ಆ ಜೀವ.

ಲಾಕ್ಲನ್ ಕೋಟುಗಳನ್ನು ಅಪ್ಪಿಕೊಂಡೇ ನೆಲದ ಮೇಲೆ ಕೂತ.

ಫಿನ್ಲೆಯ ಫಾರಮ್ಮಿನಲ್ಲಿ 'ಬಾಡಿಗೆದಾರರ ಕೈವಾಡ' ಎಂದೊಂದು ಚೌಕವಿತ್ತು. ಅದರಲ್ಲಿ ಗುರುತು ಬಿದ್ದರೆ ಒಂದು ಪ್ರತಿ ಮಕ್ಕಳ ಇಲಾಖೆಗೆ ಹೋಗುತ್ತದೆ. ಅವನು ಪೆನ್ನು ನೆಕ್ಕಿ, 'ಗಡಿಯಾರ ಹಳೆಯದಾಗಿ ನಿಂತಿತ್ತು, ಸರಿಪಡಿಸಿದೆ' ಎಂದು ಬರೆದ.

"ಸುಳ್ಳು ಬರೀತಿದ್ದೀಯಲ್ಲೋ," ಎಂದೆ.

"ನಲವತ್ನಾಲ್ಕು ದಿನ ಆಫೀಸಿನವರು ಬರ್ಕೊಂಡಿದ್ದೆಲ್ಲ ಬೈಬಲ್ಲೇನಕ್ಕ?" ಫಿನ್ಲೆ ಮುಳ್ಳು ತಿರುಗಿಸಿ ವೇಳೆ ಸರಿಮಾಡಿದ. ಸನ್ನೆಯನ್ನು ಮಾತ್ರ ಮುಟ್ಟಲಿಲ್ಲ. "ಲಾಕ್ಲನ್, ಇದು ನಿನ್ನ ಕೈಯಿಂದಲೇ ಆಗ್ಬೇಕು."

ಲಾಕ್ಲನ್ ಎದ್ದ. ಸನ್ನೆಯ ಮೇಲೆ ಬೆರಳಿಟ್ಟ.

"ಮಗು ಬರ್ಬೇಕು ಕಣೇ ಊನಾ," ಎಂದು ಮೇಲೆತ್ತಿದ.

ಬೆಳಿಗ್ಗೆ ಇಟ್ಟಿಗೆ ಬೆಚ್ಚಗಿತ್ತು. ಇಲಾಖೆಯ ಹೆಂಗಸು ಮೂರು ದಿನ ಥರ್ಮಾಮೀಟರು ಇಟ್ಟು, ಹತ್ತೊಂಬತ್ತು ಡಿಗ್ರಿ ಎಂದು ಬರೆದುಕೊಂಡು, ನಗುತ್ತಾ ಕೈ ಕುಲುಕಿ ಹೋದಳು.

ಶನಿವಾರದ ಹಡಗಿಗೆ ಇಶ್ಬೆಲ್ ಬಂದಳು. ಅವಳನ್ನು ನೋಡಲು ಫಿನ್ಲೆಯೂ ನಾನೂ ಬಂದಿದ್ದೆವು. ಒಳಗೆ ಬಂದವಳೇ ಹೀಟರಿನ ಮೇಲೆ ಅಂಗೈ ಇಟ್ಟು, ಸುಟ್ಟುಕೊಂಡವಳ ಹಾಗೆ ಹಿಂದಕ್ಕೆ ಎಳೆದುಕೊಂಡಳು. ಬೀರಿನ ಹತ್ತಿರ ಹೋಗಿ ಮುಚ್ಚಿದ ಬಾಗಿಲಿಗೆ ಕಿವಿ ಹಚ್ಚಿದಳು. ಒಳಗೆ ಟಿಕ್ ಟಿಕ್ ನಡೆದಿತ್ತು.

"ಅಪ್ಪಾ," ಎಂದಳು ತಿರುಗದೆಯೇ, "ಹೋಗುವಾಗ ಅಮ್ಮ ಕೋಟು ಹಾಕ್ಕೊಂಡಿದ್ಲಾ?"

ಉತ್ತರಕ್ಕೆ ಕಾಯದೆ ಅವಳೇ ಬಾಗಿಲು ತೆಗೆದಳು. ಮೂರು ಕೋಟೂ ಇದ್ದವು. ನೀಲಿಯದನ್ನು ಎಳೆದು ತಂದು, ತೋಳುಗಳನ್ನು ಬಿಡಿಸಿ, ಬಿಸಿ ಹೀಟರಿನ ಮೇಲೆ ಹರಡಿದಳು. "ಕೋಟು ತಗೊಳ್ಳೋಕೆ ಅಮ್ಮ ಬಂದ್ರೆ ಬೆಚ್ಚಗಿರ್ಲಿ," ಎಂದಳು.

ಮೇಲೆ ಬಟ್ಟೆ ಹಾಕಬಾರದು ಎಂದು ಆ ಹೀಟರಿನ ಮೇಲೆ ಕೆಂಪಕ್ಷರದಲ್ಲಿ ಬರೆದಿದೆ. ಫಿನ್ಲೆ ನನ್ನ ಮುಖ ನೋಡಿದ. ಆ ಕೋಟನ್ನು ನಮ್ಮಲ್ಲಿ ಯಾರೂ ತೆಗೆಯಲಿಲ್ಲ.