ಎಲ್ಲರೂ ಆರಾಮ

“ಗಂಡಗ ಜ್ವರ ಅಂತ ನಾ ಹೇಳಿದ್ದೆ. ನೀ ಆ ನರ್ಸಬಾಯಿಗಿ ಮರಾಠಿಯಾಗ ಏನಂದಿ, ಮುಕಾದಮ?” ಚಂದಮ್ಮ ಎಲ್ಲರೆದುರು ಕೂಗಿದಳು.

“ಎಲ್ಲರೂ ಆರಾಮ ಅದಾರ ಅಂದೆ. ಒಬ್ಬನ ಜ್ವರಕ್ಕ ಓಣಿಗೆಲ್ಲಾ ತಗಡು ಬಡದು ಬಂದ್ ಮಾಡ್ತಿದ್ರು. ಅರವತ್ತು ಮಂದಿ ಒಳಗ ಕುಂತು ಮಣ್ಣು ತಿನ್ನಬೇಕಿತ್ತೇನು?”

“ಮಣ್ಣಿಗಿ ನನ್ನ ಗಂಡ ಹೋದ.”

ಶಹಾಪುರದಿಂದ ಇವರನ್ನು ಪುಣೆಯ ಕಟ್ಟಡದ ಕೆಲಸಕ್ಕೆ ಕರೆತಂದ ಮುಕಾದಮ ನಾನು. ಲಾಕ್‌ಡೌನಿನಲ್ಲಿ ಮನೆಮನೆಗೆ ಜ್ವರ ನೋಡಲು ಬಂದ ನರ್ಸಿಗೆ ಕನ್ನಡ ಗೊತ್ತಿಲ್ಲ, ಇವರಿಗೆ ಮರಾಠಿ ಗೊತ್ತಿಲ್ಲ. ನಡುವೆ ಇದ್ದವನು ನಾನೊಬ್ಬನೇ. ನಾನು ಹೇಳಿದ್ದನ್ನೇ ಬರೆದುಕೊಂಡು ಅವಳು ಮುಂದಿನ ಶೆಡ್ಡಿಗೆ ಹೋದಳು. ಆರನೆಯ ದಿನ ಚಂದಮ್ಮನ ಗಂಡ ಅಂಬಾರಾಯ ಉಸಿರು ಕಟ್ಟಿ ಸತ್ತ. ಅಷ್ಟರಲ್ಲಿ ಇನ್ನೂ ಹನ್ನೊಂದು ಜನ ಜ್ವರದಿಂದ ಮಲಗಿದ್ದರು. ಯಾವ ತಗಡಿಗೆ ಹೆದರಿ ಸುಳ್ಳು ಹೇಳಿದ್ದೆನೋ ಅದೇ ತಗಡನ್ನು ಈಗ ಓಣಿಯ ಬಾಯಿಗೆ ಬಡಿಯುತ್ತಿದ್ದರು.

“ನಿನಗೂ ಜ್ವರ ಇರಬಹುದು. ಪರೀಕ್ಷಾ ಮಾಡಿಸ್ಕೋ,” ಅಂದೆ.

“ಯಾರಿಗಿ ಹೇಳ್ಲಿ? ಮತ್ತ ನಿನಗೇ ಹೇಳ್ಬೇಕಲ್ಲ!”

ಅವಳು ಗಂಟು ಎತ್ತಿಕೊಂಡಳು.

“ಸ್ವಾರಗೇಟ ಸ್ಟ್ಯಾಂಡದಾಗ ಒಂದು ಬಸ್ಸೂ ಇಲ್ಲ, ಹುಚ್ಚಿ! ಎಲ್ಲಿ ಹೋಗ್ತಿ?”

ಕೊನೆಯ ತಗಡು ನಿಲ್ಲಿಸುವ ಮೊದಲೇ ಅವಳು ಸಂದಿಯಿಂದ ಹೊರಗೆ ದಾಟಿದಳು. ನಾನು ಕೂಗಿದೆ, ಬೈದೆ. ಅವಳು ತಿರುಗಿ ನೋಡಲಿಲ್ಲ. ಊರಿಗೂ ಬಂದಿಲ್ಲವೆಂದು ಅವಳ ಅಣ್ಣ ಇವತ್ತಿಗೂ ಫೋನ್ ಮಾಡುತ್ತಾನೆ.