ತಿರಕಪ್ಪನ ಪಾದದ ಅಳತೆ

ತಿರಕಪ್ಪ ನಡೆಯುವುದನ್ನು ಮೊದಲ ಸಲ ಕಂಡವರು, ಈ ಮನುಷ್ಯ ನಡೆಯುತ್ತಿಲ್ಲ, ನೆಲಕ್ಕೆ ಹೊಲಿಗೆ ಹಾಕುತ್ತಿದ್ದಾನೆ ಎಂದುಕೊಳ್ಳುತ್ತಾರೆ. ಬಲಗಾಲಿನ ಬೆರಳಿಗೆ ಎಡಗಾಲಿನ ಹಿಮ್ಮಡಿ ತಾಗಿಸಿ, ಎಡಗಾಲಿನ ಬೆರಳಿಗೆ ಬಲಗಾಲಿನ ಹಿಮ್ಮಡಿ ತಂದಿಟ್ಟು, ತುಟಿಯೊಳಗೇ ಎಣಿಸುತ್ತ ಸಾಗುವ ಆ ನಡಿಗೆ ಬೆಟಗೇರಿಯ ಹಳೆಯ ರುದ್ರಭೂಮಿಯೊಳಗೆ ಅವನ ಕಸುಬು, ಹೊರಗೆ ಬಿಡದ ಚಟ. ಗದಗಿನಲ್ಲಿ ಲಕ್ಕುಂಡಿಯ ಬಸ್ಸಿಗೆ ಕಾಯುವಾಗಲೂ ಕಂಬದಿಂದ ಕಂಬಕ್ಕೆ ಅಳೆದುಬಿಡುತ್ತಾನೆ. ಯಾವುದಾದರೂ ಅಂಗಡಿಯ ಮುಂದೆ ಶುರುವಿಟ್ಟುಕೊಂಡರೆ ಒಳಗಿದ್ದವರು ವ್ಯಾಪಾರ ಬಿಟ್ಟು ಎದ್ದು ಬಂದು, "ಇಲ್ಲಿ ಬ್ಯಾಡೋ ಮಾರಾಯಾ, ಆ ಕಡೆ ಹೋಗು" ಎಂದು ಕೈಮುಗಿಯುತ್ತಾರೆ. ಕುಣಿ ತೋಡುವವನು ಬಾಗಿಲಲ್ಲಿ ಅಳತೆ ಹಾಕಿದರೆ ಯಾರಿಗೆ ತಾನೆ ಎದೆ ಝಲ್ಲೆನ್ನುವುದಿಲ್ಲ!

ಮೈಮೇಲೆ ಬೇಸಿಗೆಯಲ್ಲೂ ಒಂದು ಖಾಕಿ ಕೋಟು. ತೀರಿಹೋದ ಪೋಸ್ಟ್‌ಮಾಸ್ತರರೊಬ್ಬರ ಮನೆಯವರು ಕೊಟ್ಟದ್ದು. ತೋಳು ಉದ್ದವಾಗಿ ಬೆರಳ ತುದಿ ಮಾತ್ರ ಕಾಣುತ್ತದೆ. ಇನ್ನೊಂದು ಹಟವೂ ಉಂಟು. ಎಲ್ಲಿಂದ ಎದ್ದರೂ 'ಬರತೇನಿ' ಎನ್ನುವುದಿಲ್ಲ. ಮಣ್ಣಿಗೆ ಬಂದವರು ಆ ಮಾತು ಆಡದೆ ಬೆನ್ನು ತಿರುಗಿಸಿ ಹೋಗಬೇಕೆಂಬುದು ನಮ್ಮ ಸೀಮೆಯ ರೂಢಿ. ನಮಗೆ ವರ್ಷಕ್ಕೆ ಒಂದೆರಡು ಸಲ ಬೇಕಾಗುವ ಆ ರೂಢಿ ಅವನಿಗೆ ನಿತ್ಯದ್ದಾಗಿ, ಚಹದಂಗಡಿಯಿಂದಲೂ ಮೂಕನಂತೆ ಎದ್ದು ಹೋಗುತ್ತಾನೆ.

ಈ ರುದ್ರಭೂಮಿ ಎಷ್ಟು ಹಳೆಯದೆಂದು ಹೇಳುವ ಕಾಗದ ಯಾರಲ್ಲೂ ಇಲ್ಲ. ಕಮಿಟಿಯವರ ವಹಿಯಲ್ಲಿ ಸತ್ತವರ ಹೆಸರಿದೆ, ತಾರೀಖಿದೆ. ಯಾರು ಎಲ್ಲಿದ್ದಾರೆಂಬುದು ಇಲ್ಲ. ಅದಿರುವುದು ತಿರಕಪ್ಪನ ಪಾದದಲ್ಲಿ. ನಡುವೆ ಒಂದು ಬೇವಿನ ಮರ, ಅದರ ಬುಡಕ್ಕೆ ಒಂದು ಹಾಸುಗಲ್ಲು, ಕಲ್ಲಿನ ಮೇಲೆ ಅವನ ಅಪ್ಪ ತನ್ನ ಬಲಪಾದವಿಟ್ಟು ಸುತ್ತ ಉಳಿಯಿಂದ ಕೊರೆದ ಗೆರೆ. ಮೂವರು ಮಕ್ಕಳನ್ನೂ ಅದರ ಮೇಲೆ ನಿಲ್ಲಿಸಿ ನೋಡಿದನಂತೆ. ನಡುವಿನವನಾದ ತಿರಕಪ್ಪನ ಪಾದ ಗೆರೆಗೆ ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲದೆ ಕೂತಿತು. ಅಂದಿನಿಂದ ಕುಣಿ ತೋಡುವ ಸನಿಕೆ ಅವನದಾಯಿತು.

ನನ್ನನ್ನೂ ಒಮ್ಮೆ ಕರೆದೊಯ್ದು ತೋರಿಸಿದ್ದ. ಆ ಕಲ್ಲಿನಿಂದ ಮೂಡಣಕ್ಕೆ ಇಪ್ಪತ್ತೆರಡು ಪಾದ, ಲಕ್ಷ್ಮೇಶ್ವರದ ಕುಸ್ತಿಯಲ್ಲಿ ಗೆದ್ದು ಗೆದ್ದ ಸಂಜೆಯೇ ಪ್ರಾಣಬಿಟ್ಟ ಪೈಲ್ವಾನ. ತೆಂಕಣಕ್ಕೆ ನಲವತ್ತು, ಮೂರು ನಾಟಕ ಕಂಪನಿಗಳು ಮುಳುಗಿದರೂ ಪೆಟ್ಟಿಗೆ ಬಿಡದ ಹಾರ್ಮೋನಿಯಂ ಮಾಸ್ತರ. ಬಡಗಣದ ಗೋಡೆಗುಂಟ ಪ್ಲೇಗಿನ ಸಾಲು. ಎಲ್ಲರೂ ಊರು ಬಿಟ್ಟು ಗುಡಿಸಲಿಗೆ ಓಡಿದಾಗ ಓಡದೆ ಉಳಿದ ವೈದ್ಯರೊಬ್ಬರು ತಮ್ಮ ರೋಗಿಗಳ ನಡುವೆಯೇ ಅಲ್ಲಿದ್ದಾರೆ. ಯಾರ ಮೇಲೂ ಕಲ್ಲಿಲ್ಲ. ಮಣ್ಣಿನ ದಿಬ್ಬ ಎರಡು ಮಳೆಗೆ ನೆಲಸಮ. ಸತ್ತವರ ಮೇಲೆ ಕೆರ ಮೆಟ್ಟಿ ನಡೆಯಬಾರದೆಂದು ಬರಿಗಾಲಲ್ಲಿ ಅಳೆಯುತ್ತಿದ್ದ ಅವನ ದನಿ ಆ ಸಾಲಿನ ಹತ್ತಿರ ತಗ್ಗಿತು. "ಇಲ್ಲಿ ಸನಿಕಿ ತಪ್ಪಿದ್ರ ಊರ ಉಳ್ಯೂದಿಲ್ರಿ" ಎಂದ. ಅವನು ನಂಬಿದ್ದ, ಆ ಕ್ಷಣಕ್ಕೆ ನಾನೂ ನಂಬಿದೆ.

ಆ ಅಳತೆಯಲ್ಲಿ ಒಂದು ಜಾಗ ಮಾತ್ರ ಬದುಕಿದ್ದವರದು. ಬಟ್ಟೆ ವ್ಯಾಪಾರಿ ಮುತ್ತಣ್ಣ, 'ನನ್ನ ಮ್ಯಾಲೆ ಕಲ್ಲಿನ ಭಾರ ಹೇರಬ್ಯಾಡ್ರಿ' ಎಂದು ಹೇಳಿ ಸತ್ತವರು, ಪಡುವಣಕ್ಕೆ ಅರವತ್ತನೆಯ ಪಾದದಲ್ಲಿದ್ದರು. ಅವರ ಪಕ್ಕದ ಅರವತ್ತೆಂಟನೆಯದನ್ನು ಹೆಂಡತಿ ಅನ್ನಪೂರ್ಣವ್ವ ತನಗೆಂದು ಹಿಡಿದಿಟ್ಟಿದ್ದರು. ಅಮಾವಾಸ್ಯೆಗೊಮ್ಮೆ ಹೂವು ತರುವರು. ತಿರಕಪ್ಪ ಎಣಿಸಿ ಗಂಡನ ಜಾಗ ತೋರಿಸುವನು. ಹೂವೇರಿಸಿ ಎದ್ದವರು ಮೂವತ್ತು ವರ್ಷದಿಂದ ಒಂದೇ ಪ್ರಶ್ನೆ ಕೇಳುವರು.

"ನನ್ನ ಜಾಗಾ ಐತಿಲ್ಲೋ ತಿರಕಪ್ಪಾ?"

"ಐತ್ರಿ ಅವ್ವಾರ. ಯಾರ ಒಯ್ತಾರ್ರಿ ಅದನ್ನ?"

ಒಯ್ದವನು ಅವನೇ. ಎರಡು ವರ್ಷದ ಹಿಂದೆ ಬಲಗಾಲಿಗೆ ಜಾಲಿಯ ಮುಳ್ಳು ನೆಟ್ಟಿತು. ಸಕ್ಕರೆ ಕಾಯಿಲೆಯ ಕಾಲು. ನೋವು ತಿಳಿಯುವ ಹೊತ್ತಿಗೆ ಕೊಳೆತಾಗಿತ್ತು. ಐದೂ ಬೆರಳು ತೆಗೆದರು. ಗಾಯ ಮಾಯ್ದ ಮೇಲೆ ಮತ್ತೆ ಸನಿಕೆ ಹಿಡಿದ ತಿರಕಪ್ಪ, ಕೂಲಿ ಹೋದೀತೆಂಬ ಒಂದೇ ಭಯದಲ್ಲಿ, ಕುಂಟನ್ನು ಅಡಗಿಸಿಕೊಂಡು ಹಳೆಯ ಲೆಕ್ಕದಲ್ಲೇ ಎಣಿಸತೊಡಗಿದ. ಎರಡು ಹೆಜ್ಜೆಗೊಮ್ಮೆ ಮೂರು ಬೆರಳಿನಷ್ಟು ನೆಲ ಕಳೆದುಹೋಗುತ್ತಿದೆಯೆಂದು ಅವನಿಗೂ ಹೊಳೆಯಲಿಲ್ಲ, ಊರಿಗೂ ಹೊಳೆಯಲಿಲ್ಲ.

ಹೊಳೆದದ್ದು ಹನ್ನೊಂದನೆಯ ಕುಣಿಯಲ್ಲಿ. ಮೃತರನ್ನು ಮಲಗಿಸದೆ, ಕುಣಿಯ ಗೋಡೆಯಲ್ಲಿ ಗೂಡು ತೋಡಿ, ಅದರೊಳಗೆ ಧ್ಯಾನಕ್ಕೆ ಕೂತಂತೆ ಕೂಡಿಸಿ, ವಿಭೂತಿ ಬಿಲ್ವಪತ್ರೆ ಉಪ್ಪು ತುಂಬಿ ಮುಚ್ಚುವುದು ಲಿಂಗಾಯತರ ಪದ್ಧತಿ. ಮಟಮಟ ಮಧ್ಯಾಹ್ನ, ಸತ್ತವರ ಕಡೆಯವರು ಬೇವಿನ ನೆರಳಿನಲ್ಲಿದ್ದರು, ಇವನು ಎದೆಮಟ್ಟ ಇಳಿದಿದ್ದ. ಪಕ್ಕದ ಗೋಡೆ ಸದ್ದಿಲ್ಲದೆ ಜರಿಯಿತು. ಜರಿದಲ್ಲಿ ಕತ್ತಲೆ, ಕತ್ತಲೆಯಿಂದ ತಣ್ಣನೆಯ ಗಾಳಿ, ಮಣ್ಣುಬಣ್ಣಕ್ಕೆ ತಿರುಗಿದ ಧೋತರದ ಒಂದು ಅಂಚು. ಒಳಗೆ ಯಾರೋ ಕೂತಿದ್ದರು. ಎಷ್ಟೋ ವರ್ಷದಿಂದ ಕೂತೇ ಇದ್ದರು. ನಲವತ್ತು ವರ್ಷ ಹೆಣಗಳ ನಡುವೆ ಉಂಡು ಮಲಗಿದ ತಿರಕಪ್ಪ ಅಲ್ಲೇ ಮಂಡಿಯೂರಿದ. "ತಪ್ಪಾತ್ರಿ ಯಪ್ಪಾ, ತಪ್ಪಾತ್ರಿ" ಎನ್ನುತ್ತ ಬೊಗಸೆಯಿಂದ ಮಣ್ಣು ಬಾಚಿ ಆ ಬಾಯಿ ಮುಚ್ಚಿದ. ಮೇಲಿದ್ದವರಿಗೆ "ಇಲ್ಲಿ ಕಲ್ಲು ಬಂತ್ರಿ, ಬ್ಯಾರೆ ಕಡೆ ತೋಡತೇನಿ" ಎಂದು ಸುಳ್ಳು ಹೇಳಿದ. ಎಲ್ಲರೂ ಹೋದ ಮೇಲೆ ಅಪ್ಪನ ಕಲ್ಲಿನ ಮೇಲೆ ಬಲಪಾದ ಇಟ್ಟ. ಗೆರೆಗೂ ಪಾದಕ್ಕೂ ನಡುವೆ ಮೂರು ಬೆರಳು ಬರಿಗಲ್ಲು.

ಅಲ್ಲೇ ಕುಸಿದು ಕೂತು ಲೆಕ್ಕ ಹಾಕಿದ. ಮಿರ್ಚಿಭಜಿ ಮಾರುತ್ತಿದ್ದ ಮುದಕಪ್ಪನನ್ನು ಪಡುವಣಕ್ಕೆ ಎಪ್ಪತ್ತಾರನೆಯ ಪಾದವೆಂದು ಎಣಿಸಿ ಕೂಡಿಸಿದ್ದ. ಕಳೆದುಹೋದ ನೆಲವನ್ನು ಲೆಕ್ಕದಿಂದ ತೆಗೆದರೆ ಅದು ಅರವತ್ತೆಂಟು. ಅನ್ನಪೂರ್ಣವ್ವನ ಜಾಗ.

ಆಮೇಲಿನ ದಿನಗಳಲ್ಲಿ ಅವನು ಬದುಕಿದ್ದು ಭಯದಲ್ಲೇ. ಕೂತವರನ್ನು ಎಬ್ಬಿಸುವಂತಿಲ್ಲ. ಎಂಬತ್ತನಾಲ್ಕು ದಾಟಿದ ಆ ಮುದುಕಿ ಯಾವ ದಿನ ಕಣ್ಣು ಮುಚ್ಚಿದರೂ ಆ ದಿನ ತನ್ನ ಸುಳ್ಳು ಬಯಲಿಗೆ ಬೀಳುತ್ತದೆ; ಮುಚ್ಚಿಟ್ಟು ತೋಡಿದರೆ ಸನಿಕೆ ಇನ್ನೊಂದು ಗೂಡಿಗೆ ಬೀಳುತ್ತದೆ. ಬೆಳಗಾದರೆ ಅವರ ಓಣಿಯಲ್ಲಿ ಹಾದು, ಹಗ್ಗದ ಮೇಲೆ ಅವರ ಸೀರೆ ಒಣಗುತ್ತಿದೆಯೇ ಎಂದು ನೋಡುವನು. ಸೀರೆ ಕಂಡರೆ ಒಂದು ದಿನದ ಉಸಿರು. ಫೋನು ಬಂದರೆ ಮೊದಲು ಸತ್ತವರ ಹೆಸರು ಕೇಳುವನು. ಅಮಾವಾಸ್ಯೆಗೆ ಅವರು ಬಂದು ಅದೇ ಪ್ರಶ್ನೆ ಕೇಳಿದರೆ ಅದೇ ಉತ್ತರ; ಆದರೆ 'ಐತ್ರಿ' ಎನ್ನುವಾಗ ಅವನು ಈಗ ನೆಲ ನೋಡುತ್ತಿದ್ದ.

ಶಿವರಾತ್ರಿಯ ಮರುದಿನ ಹಗ್ಗದ ಮೇಲೆ ಸೀರೆ ಇರಲಿಲ್ಲ. ಬಾಗಿಲಿಗೆ ಓಡಿದ. ಸೊಸೆ ಕಾಂಚನಾ, "ಜ್ವರಾ ಬಂದಾವು, ಮಲಗ್ಯಾರ" ಎಂದಳು. ಇನ್ನು ತಡೆಯಲಾಗದೆ ಒಳಗೆ ಹೋಗಿ ಹಾಸಿಗೆಯ ಹತ್ತಿರ ಕುಕ್ಕರಿಸಿದ.

"ಅವ್ವಾರ, ನಿಮ್ಮ ಜಾಗದಾಗ ಮುದಕಪ್ಪನ್ನ ಕುಂಡ್ರಿಸಿಬಿಟ್ಟೇನ್ರಿ."

ಬೆರಳಿಲ್ಲದ ಪಾದವನ್ನು ಮುಂದೆ ಚಾಚಿ ಎಲ್ಲ ಹೇಳಿದ. ಅವರು ಆ ಪಾದವನ್ನು ನೋಡಿ ಕೇಳಿದರು.

"ಮತ್ತ ಇಷ್ಟ ದಿನಾ ನಾ ಹೂವ ಏರಿಸಿದ್ದು ಯಾರಿಗೋ?"

"ಗೊತ್ತಿಲ್ರಿ."

"ಮೂವತ್ತ ವರ್ಷ 'ಐತಿ ಐತಿ' ಅಂದೆಲ್ಲೋ!" ಎಂದು ಗೋಡೆಯ ಕಡೆ ಹೊರಳಿದರು. ತನ್ನ ಕಸುಬು ಮುಗಿಯಿತೆಂದು ತಿರಕಪ್ಪ ಸದ್ದಿಲ್ಲದೆ ಎದ್ದ. ಬಾಗಿಲು ದಾಟುವಾಗ ಹಿಂದಿನಿಂದ ದನಿ ಬಂತು. "ಎಡಗಾಲು ಇಡಿಯಾಗಿ ಐತಿಲ್ಲೋ, ಹುಚ್ಚ? ಕಾಂಚನಾ, ಮಾವನ ಗಜಾ ತಗೊಂಬಾ."

ಜ್ವರ ಇಳಿದ ವಾರಕ್ಕೆ ಮೂವರೂ ರುದ್ರಭೂಮಿಯಲ್ಲಿದ್ದರು. ಬಟ್ಟೆ ಅಳೆದು ಅಳೆದು ನುಣುಪಾಗಿದ್ದ ಕಬ್ಬಿಣದ ಗಜದ ಮೇಲೆ ಅವನ ಎಡಪಾದವಿಡಿಸಿ, ಸುಣ್ಣದ ಗುರುತು ಹಾಕಿಸಿ, ಬೇವಿನ ಬುಡದಿಂದ ಅರವತ್ತು ಪಾದದ ನೆಲವನ್ನು ಅನ್ನಪೂರ್ಣವ್ವ ಅಂಗಡಿಯ ಗತ್ತಿನಲ್ಲೇ ಅಳೆಸಿದರು. ಗಂಡನ ಕುಣಿಗೂ ಮುದಕಪ್ಪನ ಕುಣಿಗೂ ನಡುವೆ ಉಳಿದದ್ದು ಒಂದೂವರೆ ಮೊಳಕ್ಕೂ ಕಡಿಮೆ. ತಿರಕಪ್ಪ ತಲೆ ತಗ್ಗಿಸಿದ. ಅವರು ಸೆರಗು ಸರಿಮಾಡಿಕೊಂಡು, ಸೊಸೆ ಹಾಂ ಹಾಂ ಎನ್ನುವಷ್ಟರಲ್ಲಿ, ಆ ಬಿಸಿಲಿನಲ್ಲಿ ಆ ಜಾಗದಲ್ಲೇ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟರು.

"ನಾನೂ ಸಣ್ಣಾಕಿ ಆಗೇನಲ್ಲೋ. ಅಳಿ."

ಬದುಕಿದ್ದವರನ್ನು ಅವನು ಅಳೆದದ್ದು ಅದೊಂದೇ ಸಲ. ಮೊಣಕಾಲಿನಿಂದ ಮೊಣಕಾಲಿಗೆ ಅಳೆದರೆ ಎರಡು ಬೆರಳು ನೆಲ ಮಿಕ್ಕಿತು. ಸೊಸೆಯ ಕೈ ಹಿಡಿದು ಎದ್ದ ಅನ್ನಪೂರ್ಣವ್ವ ಗೇಟಿನ ಹತ್ತಿರ ನಿಂತು, ತಿರುಗಿ ನೋಡಿ ಅಂದರು:

"ಬರತೇನಿ, ತಿರಕಪ್ಪಾ."

ಆ ನೆಲದಲ್ಲಿ ಆ ಮಾತನ್ನು ಅವನು ಹಿಂದೆಂದೂ ಕೇಳಿರಲಿಲ್ಲ. ಮೈಯೆಲ್ಲ ಮುಳ್ಳೆದ್ದಿತೆಂದು ನನಗೆ ಹೇಳುವಾಗಲೂ ಕೋಟಿನ ತೋಳು ಸರಿಸಿ ತೋರಿಸಿದ.

ಶ್ರಾವಣದಲ್ಲಿ ಅವರು ಬಂದರು. ಜೆಸಿಬಿ ತರುತ್ತೇವೆಂದ ಮನೆಯವರಿಗೆ ಕೈ ಅಡ್ಡ ಹಿಡಿದು ತಿರಕಪ್ಪ ಒಬ್ಬನೇ ಇಳಿದ. ಅಗಲ ಮಾಡಲು ಎಡೆಯಿಲ್ಲ. ಎಡಕ್ಕೆ ಒಂದು ಗೂಡು, ಬಲಕ್ಕೆ ಒಂದು ಗೂಡು. ಮಳೆಗೆ ನೆನೆದ ಮಣ್ಣು. ಯಾವ ಪೆಟ್ಟಿಗೆ ಯಾವ ಗೋಡೆ ಬಾಯಿಬಿಡುವುದೋ. ಸೊಂಟಮಟ್ಟಕ್ಕೆ ಸನಿಕೆ ಮೇಲೆಸೆದು ಕಳೆ ತೆಗೆಯುವ ಕುರ್ಚಿಗೆಯಿಂದ ಕೆರೆದ, ಎದೆಮಟ್ಟಕ್ಕೆ ಅದನ್ನೂ ಬಿಟ್ಟು ಕೈಯಿಂದಲೇ ತೆಗೆದ. ಒಂದೊಂದು ಹಿಡಿಗೂ ನಿಂತು ಗೋಡೆಗೆ ಕಿವಿಗೊಟ್ಟ. ಕೊನೆಗೆ ಎಡಗೋಡೆಯ ಮಣ್ಣಿನಲ್ಲಿ ಬೆಳ್ಳನೆಯ ಒಂದು ಎಳೆ ಕಂಡಿತು. ಬೆರಳಿಗೆ ಹತ್ತಿಸಿ ನಾಲಿಗೆಗೆ ಇಟ್ಟುಕೊಂಡ. ಉಪ್ಪು. ಮುತ್ತಣ್ಣನಿಗೆ ಪೇಟೆಯವರೆಲ್ಲ ಚೀಲಗಟ್ಟಲೆ ಸುರಿದ ಉಪ್ಪು, ಒಂದು ಅಂಗೈ ದಪ್ಪದ ಮಣ್ಣಿನಾಚೆ ಅವರು ಇದ್ದಾರೆಂದು ಹೇಳುತ್ತಿತ್ತು. ಅಲ್ಲಿಗೇ ಕೈ ನಿಲ್ಲಿಸಿ ತಿರಕಪ್ಪ ಮಗುವಿನಂತೆ ಅತ್ತ. ಅನ್ನಪೂರ್ಣವ್ವ ಅಳೆದಿಟ್ಟಂತೆ ಕೂತರು.

ಗಜ ಈಗ ಅವನ ಹತ್ತಿರವಿದೆ, ಭಯವೂ ಇದೆ. ಬೆರಳು ಹೋದ ಮೇಲೆ ತೋಡಿದ ಉಳಿದ ಹತ್ತು ಕುಣಿಗಳನ್ನು ಒಂದೊಂದಾಗಿ ಅಳೆಯುತ್ತಿದ್ದಾನೆ. ಪ್ರತಿ ಸಲ ಗಜ ಇಟ್ಟು, ಎತ್ತಿ, ಮತ್ತೊಮ್ಮೆ ಇಟ್ಟು ನೋಡುತ್ತಾನೆ. ಇಂಥವರು ಪ್ರತಿ ಊರಲ್ಲೂ ಒಬ್ಬರೋ ಇಬ್ಬರೋ ಇರುತ್ತಾರೆ. ಧೈರ್ಯವಂತರೆಂದು ನಾವು ತಿಳಿಯುತ್ತೇವೆ, ಸತ್ತವರ ನಡುವೆ ಓಡಾಡುತ್ತಾರಲ್ಲ ಎಂದು. ಅವರಷ್ಟು ಹೆದರುವವರು ಬೇರೆ ಯಾರೂ ಇಲ್ಲ. ತಮ್ಮ ಕೈ ತಪ್ಪೀತೆಂದು ಹಗಲೆಲ್ಲ ಹೆದರುತ್ತಾರೆ. ಆ ಹೆದರಿಕೆಯೊಂದರ ಆಸರೆಯಲ್ಲಿ ಊರಿನ ಹಿರಿಯರೆಲ್ಲ ನಿಶ್ಚಿಂತೆಯಿಂದ ಕೂತಿದ್ದಾರೆ.